ಎಳ್ಳಮಾಸಿಯ ಕಣ್ಣುಕಟ್ಟಾಟ

ಕಲ್ಯಾಣಿ, ಶುಕ್ರವಾರ
ತಾ. ೧೫-೧-೧೯೩೭

ಹುಮನಾಬಾದಿನಲ್ಲಿರುವ ನನ್ನ ಪ್ರೀತಿಯ ಮೀರಕ್ಕಾ,

ಹೇಗಿದ್ದೀ? ಮೊಣಕಾಲು ನೋವು ಇಳಿಯಿತೇ? ಈ ಚಳಿಗೆ ಎಣ್ಣೆ ಕಾಸಿ ತಿಕ್ಕಿಕೋ, ನಾಳೆ ನಾಳೆ ಎನ್ನಬೇಡ. ನಿಮ್ಮ ಮಾವನವರ ಕೆಮ್ಮು ಹೇಗಿದೆ? ಇಲ್ಲಿ ನಮ್ಮ ಮನೆಯಲ್ಲೂ ಹಿತ್ತಲ ಗೋಡೆಯಾಚೆ ಅವ್ವನ ಮನೆಯಲ್ಲೂ ಎಲ್ಲ ಕ್ಷೇಮ. ನಿನ್ನೆ ಸಂಕ್ರಾಂತಿಗೆ ನಿನ್ನ ಪಾಲಿನ ಎಳ್ಳುಬೆಲ್ಲವನ್ನೂ ನಾನೇ ತಿಂದೆ, ಸಿಟ್ಟಾಗಬೇಡ. ಮೊನ್ನೆ ಅಮಾವಾಸ್ಯೆಯ ಹೊಲದೂಟಕ್ಕೆ, ಎಳ್ಳಮಾಸಿಗೆ ನೀನು ಬರಲಿಲ್ಲವೆಂದು ಅವ್ವ ಹೊಲದಲ್ಲಿ ಕಾಳು ಸೊಪ್ಪಿನ ಭಜ್ಜಿ ಬಡಿಸುವಾಗ ಎರಡು ಸಲ ಕಣ್ಣೊರೆಸಿಕೊಂಡಳು.

ಎಳ್ಳಮಾಸಿಯ ಸುದ್ದಿ ಬರೆ ಎಂದು ಹೇಳಿಕಳಿಸಿದ್ದೀ. ಬರೆಯುತ್ತೇನೆ, ಆದರೆ ನಿನ್ನ ಆ ಯಶೋದೆಯನ್ನು ಹೊಗಳುತ್ತೇನೆಂದು ಕಾಯಬೇಡ. ನಿಮ್ಮ ಓಣಿಯ ಹುಡುಗಿ, ನೀನೇ ನೋಡಿ ನಮ್ಮ ತಮ್ಮ ವೈಜನಾಥನಿಗೆ ಗಂಟುಹಾಕಿದವಳು, ಎಲ್ಲ ಒಪ್ಪಿದೆ. ಆದರೆ ನೀನು ಮದುವೆಯಾಗಿ ಹೋಗುವಾಗ "ಇನ್ನ ಮ್ಯಾಲ ಹೊಲದಾಗ ಆಟ ಆಡಸಾಕಿ ನೀನ ನೋಡವಾ" ಎಂದು ಹೇಳಿ ಹೋದದ್ದು ನನಗೆ. ಒಂಬತ್ತು ವರ್ಷ ಆ ಮಾತು ನಡೆಸಿದೆ. ನಾಲ್ಕು ಮನೆಯ ಹೆಂಗಸರು ಮಕ್ಕಳೆಲ್ಲ ಮಂಠಾಳದ ಹೊಲಕ್ಕೆ ಬಂದಿಳಿದರೆ, ಯಾರಿಗೆ ಯಾವ ಆಟ ಎಂಬುದು ನನಗೆ ಬಾಯಿಪಾಠ. ಹೊಟ್ಟೆ ತುಂಬ ಅಂಬಲಿ ಕುಡಿದವರನ್ನು ಓಡಿಸಬಾರದು, ಮೊದಲು ಕೂತು ಆಡುವ ಕವಡೆ, ಗಜಗ. ಬಸುರಿಯನ್ನು ನ್ಯಾಯ ಹೇಳಲು ಕೂರಿಸಬೇಕು. ಅಳುಬುರುಕರನ್ನು ಗೆಲ್ಲುವ ಕಡೆಗೇ ಹಾಕಬೇಕು. ಕೈ ಹಿಡಿದು ಗಿರಗಿರ ತಿರುಗುವ ಫುಗಡಿ ಕೊನೆಗೆ, ಇಲ್ಲದಿದ್ದರೆ ಎಲ್ಲರಿಗೂ ತಲೆ ಸುತ್ತಿ ಉಳಿದ ಆಟ ಕೆಡುತ್ತದೆ. ಇದನ್ನೆಲ್ಲ ನೀನು ನನಗೆ ಕೂರಿಸಿ ಕಲಿಸಲಿಲ್ಲ, ನಿನ್ನ ಹಿಂದೆ ಹಿಂದೆ ತಿರುಗಿ ನಾನೇ ಕಲಿತೆ.

ಈ ಸಲ ಬುತ್ತಿ ಕಟ್ಟುವಾಗಲೇ ಅವ್ವ, "ಈ ವರ್ಷ ಸೊಸಿ ಆಡಸ್ಲಿ, ನೀ ಸುಮ್ನ ಕುಂತು ನೋಡು" ಎಂದಳು. ಸುಮ್ಮನೆ ಕೂಡುವುದಂತೆ! ಯಶೋದೆ ಸೆರಗು ಸಿಕ್ಕಿಸಿ ನಿಂತು ಮುದುಕಿಯರಿಗೆ ಕವಡೆ ಹಾಸಿದಳು, ಬಸುರಿಯನ್ನು ನ್ಯಾಯಕ್ಕೆ ಕೂರಿಸಿದಳು. ಎಲ್ಲಿ ಕಲಿತೆ ಎಂದರೆ "ಮೀರಕ್ಕ ಕಲಸ್ಯಾರ್ರಿ" ಎಂದಳು. ನನಗೆ ಎರಡು ಸಾಲು ಬರೆಯಲು ಪುರಸೊತ್ತಿಲ್ಲದವಳು ಅವಳಿಗೆ ಕೂತು ಆಟ ಕಲಿಸಿದ್ದೀ! ಪಕ್ಕದ ಹೊಲದ ವಜೀರಬಿ ಬೇರೆ ಬಂದು "ಅರೆ ವ್ಹಾ, ಏನ್ ಹುಷಾರ್ ಅದಾಳ್ರಿ ನಿಮ್ಮ ಸೊಸಿ!" ಎಂದಳು. ಒಂಬತ್ತು ವರ್ಷ ನಮ್ಮ ಅಂಬಲಿ ಕುಡಿದವಳು ನನಗೆ ಒಂದು ದಿನವೂ ವ್ಹಾ ಎಂದಿಲ್ಲ.

ಆದರೆ ಅಕ್ಕಾ, ಒಂದು ಸಂಗತಿ ಕಲಿಸಲು ನೀನು ಮರೆತಿದ್ದೆ. ಕಣ್ಣುಕಟ್ಟಾಟದಲ್ಲಿ ಕಣ್ಣು ಕಟ್ಟಿಕೊಂಡವಳು ತಾನು ಹಿಡಿದವರ ಹೆಸರು ಹೇಳಬೇಕು, ಮೂರು ಸಲ ಹೇಳದಿದ್ದರೆ ಸೋತಳು, ಸೋತವಳು ಆಟ ಆಡಿಸುವಂತಿಲ್ಲ. ಈ ಸಲ ಕೊಹಿನೂರು ಹಳ್ಳಿಯ ನಂಟರು ಚಂದ್ರಭಾಗಾಬಾಯಿ ಬಂದಿದ್ದರು. ನಮ್ಮ ಅವ್ವನ ಹೆಸರೂ ಚಂದ್ರಭಾಗಾ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತರುವುದುಂಟೇ? ಅದಕ್ಕೇ ನಾನು ಆಡಿಸುವಾಗ ಯಾರ ಅತ್ತೆಯ ಹೆಸರಿನವರು ಯಾರೆಂದು ನೋಡಿ, ಅಂಥವರನ್ನು ಕವಡೆಯ ಕಡೆಗೆ ಕಳಿಸಿಬಿಡುತ್ತಿದ್ದೆ. ಇವಳಿಗೆ ಅದು ಹೊಳೆಯಲಿಲ್ಲ, ನಾನೂ ಹೇಳಲಿಲ್ಲ. ಕಣ್ಣು ಕಟ್ಟಿಕೊಂಡು ಮೊದಲ ಸಲಕ್ಕೇ ಅವರನ್ನು ಹಿಡಿದಳು. ಆ ದಪ್ಪ ತೋಳು ಯಾರದೆಂದು ಕೂಸಿಗೂ ತಿಳಿಯುತ್ತದೆ! ಮಕ್ಕಳೆಲ್ಲ "ಹೇಳ್ರಿ, ಹೆಸರ ಹೇಳ್ರಿ" ಎಂದು ಕುಣಿದವು. "ಕೊಹಿನೂರದವರು" ಎಂದಳು. ಬಳಸಿ ಹೇಳಿದರೆ ನಡೆಯದು ಎಂದು ನಾನು ನೆನಪು ಮಾಡಿಕೊಟ್ಟೆ. ಎರಡನೆಯ ಸಲವೂ ಅವರೇ ಸಿಕ್ಕರು. ಜನ ಕಿಕ್ಕಿರಿದು ಆಡುವಾಗ ಯಾರೋ ದೂಡಿರಬೇಕು. ಮೂರನೆಯ ಸಲ ಹಿಡಿದ ಕೈ ಬಿಟ್ಟು, "ಸೋತೆನ್ರಿ" ಎಂದು ಕಣ್ಣಿನ ಬಟ್ಟೆ ಬಿಚ್ಚಿದಳು.

ಅವ್ವನಿಗೆ ಬೇಸರವಾಗಬೇಕಲ್ಲ? ಇಲ್ಲ! "ಸೋತ್ರೂ ನನ್ನ ಹೆಸರ ಹೇಳಲಿಲ್ಲ ನೋಡ್ರಿ ನನ್ನ ಸೊಸಿ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಗೆದ್ದರೂ ಅವಳೇ, ಸೋತರೂ ಅವಳೇ. ಆದರೂ ಮಾತಿನ ಪ್ರಕಾರ ಫುಗಡಿ ನಾನೇ ಆಡಿಸಿದೆ, ಮುಂದಿನ ವರ್ಷವೂ ನಾನೇ. ನಿನಗೆ ಸಂತೋಷವಾಯಿತೋ ಇಲ್ಲವೋ, ಸತ್ಯವಾಗಿ ಬರೆ.

ನಿಮ್ಮ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ಮುಟ್ಟಿಸು, ಮಕ್ಕಳ ಗಲ್ಲಕ್ಕೆ ನನ್ನದೊಂದು ಮುತ್ತು. ಕಾಲು ಜೋಪಾನ.

ನಿನ್ನ ಬೆನ್ನಿಗೆ ಬಿದ್ದ ತಂಗಿ,
ಶೇವಂತಾ

ತಾ.ಕ.: ಟಪಾಲಿನ ಹೊತ್ತಾಯಿತು, ಓದಿ ಹರಿದುಹಾಕು. ಚಂದ್ರಭಾಗಾಬಾಯಿಯನ್ನು ಅವಳ ಮುಂದಕ್ಕೆ ದೂಡಿದವಳು ನಾನೇ. ಮೂರನೆಯ ಸಲ ದೂಡುವಾಗ ಯಶೋದೆಯ ಕೈಗೆ ಸಿಕ್ಕದ್ದು ಅವರಲ್ಲ, ಅವರ ಸೆರಗಿನ ಮರೆಯಲ್ಲಿದ್ದ ನನ್ನ ಮುಂಗೈ. ಎಲ್ಲರೂ ಅವರನ್ನೇ ಹಿಡಿದಳೆಂದುಕೊಂಡರು. ಒಲೆಯಲ್ಲಿ ಸುಟ್ಟ ನನ್ನ ಹಳೆಯ ಕಲೆಯ ಮೇಲೆ ಅವಳು ಬೆರಳಾಡಿಸಿದಳು. ದಿನಾ ಹಿತ್ತಲ ಗೋಡೆಯ ಮೇಲಿಂದ ಅದೇ ಕೈಗೆ ಮಜ್ಜಿಗೆ ಕೊಡುವವಳಿಗೆ ಗುರುತು ಸಿಗದೇ? ಶೇವಂತಕ್ಕ ಎಂದಿದ್ದರೆ ಸಾಕಿತ್ತು, ಗೆಲ್ಲುತ್ತಿದ್ದಳು, ನನ್ನ ಹೆಸರಿಗೇನೂ ಅಡ್ಡಿಯಿಲ್ಲ. ಆದರೆ ದೂಡುತ್ತಿದ್ದವಳು ಯಾರೆಂದು ನಾಲ್ಕು ಮನೆಗೂ ತಿಳಿಯುತ್ತಿತ್ತು. ಅವಳು ಮೆಲ್ಲಗೆ ನನ್ನ ಕೈ ಬಿಟ್ಟು ಸೋತೆನೆಂದಳು. ಇವತ್ತಿನವರೆಗೆ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನಿನ್ನೆ ಅದೇ ಕೈಗೆ ಎಳ್ಳುಬೆಲ್ಲ ಹಾಕಿ "ಎಳ್ಳು ಬೆಲ್ಲದಂಗ ಇರೂಣ್ರಿ ಅಕ್ಕಾ" ಎಂದಳು, ನನಗೆ ತಲೆ ಎತ್ತಲಾಗಲಿಲ್ಲ. ಮುಂದಿನ ಎಳ್ಳಮಾಸಿಗೆ ಯಶೋದೆಯೇ ಆಡಿಸಲಿ ಎಂದು ನೀನು ಅವ್ವನಿಗೆ ಬರೆ. ಯಾರು ಬರೆಸಿದರೆಂದು ಕೇಳಿದರೆ, ನೀನೂ ನನ್ನ ಹೆಸರು ಹೇಳಬೇಡ.