ಬಸಿಗಾಲುವೆಗೆ ಹಲಗೆ

ಹಾರೆನ್‌ಮೂರ್
ನವೆಂಬರ್ ೧೧, ಶನಿವಾರ

ಪ್ರೀತಿಯ ಐಲರ್ಟ್,

ಉಸಿರಾಟ ಹೇಗಿದೆ? ಮಲಗಲು ಎರಡು ದಿಂಬು ಸಾಕಾಗುತ್ತಿದೆಯೇ, ಇನ್ನೂ ಕುಳಿತೇ ನಿದ್ದೆ ಮಾಡುತ್ತಿದ್ದೀಯಾ? ಸಮುದ್ರದ ಗಾಳಿ ಎದೆಗೆ ಒಳ್ಳೆಯದೆಂದು ನಿನ್ನನ್ನು ಆ ದ್ವೀಪದ ಆಸ್ಪತ್ರೆಗೆ ಕಳಿಸಿದರೆ, ನೀನು ಕಿಟಕಿ ಮುಚ್ಚಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ಅಲ್ಲಿಯ ಟೀಯನ್ನು ಫೋನಿನಲ್ಲಿ ಬೈದೆಯಲ್ಲ, ಅದನ್ನು ಕೇಳಿ ಸ್ವಲ್ಪ ಸಮಾಧಾನವಾಯಿತು. ಬೈಯುವಷ್ಟು ಉಸಿರಾದರೂ ಬಂದಿದೆ. ಆದರೆ ನೀನು ಕೆಮ್ಮಲು ಶುರುಮಾಡಿದರೆ ಹೇಳಬೇಕಾದ್ದನ್ನು ಹೇಳದೆಯೇ ಫೋನಿಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕೊಟ್ಟಿಗೆಯಲ್ಲಿ ಮುದುಕಿ ಟ್ರೀನ್, ನಾನು ನಿನ್ನ ಹಳೆಯ ಕೋಟು ಹಾಕಿಕೊಂಡು ಹೋದರೆ ಮಾತ್ರ ಹಾಲು ಕರೆಯಲು ಬಿಡುತ್ತಾಳೆ. ಹಸುವಿಗೂ ನನ್ನ ಮೇಲೆ ನಂಬಿಕೆಯಿಲ್ಲ.

ಕೃಷಿ ಮಂಡಳಿಯ ಆ ವೆರೆನಾ ಮತ್ತೆ ಬಂದಿದ್ದಳು. ಹೌದು, ಅವಳೇ. "ಹೊಲದ ನೀರು ಹೊರಗೆ ಹಾಕಿ ಹಾಕಿಯೇ ನಮ್ಮಪ್ಪ ಸತ್ತ, ನೀನು ಒಳಗೆ ಬಿಡು ಅಂತೀಯಲ್ಲ, ಹೋಗಮ್ಮಾ ತಾಯಿ" ಎಂದು ವಸಂತದಲ್ಲಿ ನೀನು ಬಾಗಿಲಿಂದಲೇ ಅಟ್ಟಿದೆಯಲ್ಲ, ಅವಳು. ಈ ಸಲ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದಳು, ಒಳಗೆ ಕರೆದೆ. ಪಾಪ, ದಕ್ಷಿಣದ ಬೆಟ್ಟದ ಕಡೆಯವಳು. ನಮ್ಮಲ್ಲಿ ಕಲಕದೆಯೇ ಕುಡಿಯುತ್ತೇವೆಂದು ತಿಳಿಯದೆ ಟೀ ಮೇಲಿನ ಕೆನೆಯನ್ನು ಗರಗರ ಕಲಕಿಬಿಟ್ಟಳು, ನೀನಿದ್ದಿದ್ದರೆ ಎದ್ದು ಹೋಗುತ್ತಿದ್ದೆ. ಸಾಕು ಎನ್ನುವವರು ಚಮಚವನ್ನು ಬಟ್ಟಲೊಳಗೆ ಇಡಬೇಕೆಂದು ಅವಳಿಗೆ ಯಾರು ಹೇಳಿಕೊಡಬೇಕು? ಅವಳು ಕುಡಿದು ಚಮಚವನ್ನು ತಟ್ಟೆಯಲ್ಲಿಡುತ್ತಾಳೆ, ನಾನು ಮತ್ತೆ ಸುರಿಯುತ್ತೇನೆ. ಬೇಡವೆಂದರೆ ನನಗೆ ಬೇಸರವಾದೀತೆಂದು ಅವಳು ಮತ್ತೆ ಕುಡಿಯುತ್ತಾಳೆ. ಕೆಟಲು ಎರಡು ಸಲ ಖಾಲಿಯಾಯಿತು. ಮೂರನೆಯ ಬಟ್ಟಲಿಗೇ ಎದ್ದಿದ್ದರೆ ಅವಳು ಹವಾಮಾನದ ಮಾತಾಡಿ ಹೋಗಿರುತ್ತಿದ್ದಳು. ಕೂತಿದ್ದಳಾದ್ದರಿಂದ ಎಲ್ಲವನ್ನೂ ಹೇಳಿದಳು.

ಆಮೇಲೆ ಹಿಂದಿನ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿ, ಕಬ್ಬಿಣದ ಸರಳೊಂದನ್ನು ನನ್ನ ಕೈಗೇ ಕೊಟ್ಟು ನೆಲಕ್ಕೆ ಒತ್ತಿಸಿದಳು. ನಿಮ್ಮಪ್ಪನ ಕಾಲದಲ್ಲಿ ಆಳುದ್ದದ ಕೋಲು ಮುಳುಗುತ್ತಿದ್ದ ಜೌಗುಮಣ್ಣು ಅದು. ಸರಳು ಮೊಣಕಾಲುದ್ದ ಇಳಿದು ಟಕ್ಕೆಂದು ನಿಂತಿತು. "ಇಷ್ಟೇ ಅಮ್ಮಾ ಉಳಿದಿರೋದು. ಕೆಳಗೆ ಬರೀ ಮರಳು. ನೀರು ಬಸಿದಷ್ಟೂ ಮಣ್ಣು ಒಣಗಿ ಗಾಳೀಲಿ ಹೋಗ್ತಾನೇ ಇರುತ್ತೆ" ಎಂದಳು. ನಾನು ಮದುವೆಯಾಗಿ ಬಂದಾಗ ನಮ್ಮ ಮುಂಬಾಗಿಲಿಗೆ ಒಂದೇ ಮೆಟ್ಟಿಲಿತ್ತು, ಈಗ ಮೂರಿವೆ. ಮನೆ ಬೆಳೆಯಲಿಲ್ಲ ಐಲರ್ಟ್, ನೆಲವೇ ಇಳಿದುಹೋಯಿತು. ಅದನ್ನು ನೋಡುತ್ತಲೇ ಇದ್ದು, ಮೆಟ್ಟಿಲು ಕಟ್ಟುತ್ತಲೇ ಇದ್ದೆವು. ಹೊಲದಲ್ಲಿ ನೀರು ನಿಲ್ಲಲು ಬಿಟ್ಟರೆ ಜೊಂಡು ಬೆಳೆಯುತ್ತದಂತೆ. ಅದನ್ನು ಒತ್ತಿ ಮಾಡಿದ ಹಲಗೆಯ ತುಂಡೊಂದನ್ನು ತಂದಿದ್ದಳು, ಗೋಡೆಯೊಳಗೆ ಇಟ್ಟರೆ ಚಳಿ ತಡೆಯುತ್ತದಂತೆ. ಒದ್ದೆ ನೆಲದ ಒರಟು ಹುಲ್ಲನ್ನು ಉರಿಸಿ ಊರಿನ ಶಾಲೆಯನ್ನು ಬೆಚ್ಚಗಿಡುವ ಯೋಚನೆಯೂ ಇದೆಯಂತೆ. ಸಂಶೋಧನೆಯವರ ಮಾತನ್ನು ನಮ್ಮಂಥವರಿಗೆ ತಿಳಿಯುವ ಹಾಗೆ ಹೇಳುವುದೇ ಮಂಡಳಿಯಲ್ಲಿ ಅವಳ ಕೆಲಸ. "ಇದರಲ್ಲಿ ಬದುಕು ನಡೆಯುತ್ತೇನಮ್ಮಾ?" ಎಂದು ಕೇಳಿದೆ. "ಇನ್ನೂ ಗೊತ್ತಿಲ್ಲಮ್ಮಾ" ಎಂದಳು. ಆ ಒಂದು ಮಾತಿಗೇ ನನಗೆ ಅವಳ ಮೇಲೆ ನಂಬಿಕೆ ಬಂತು, ಅಷ್ಟೇ ಹೆದರಿಕೆಯೂ ಆಯಿತು.

ಗುರುವಾರ, ಪ್ರತಿ ವರ್ಷದ ಹಾಗೆ, ಊರಿನ ಬಸಿಗಾಲುವೆಗಳನ್ನು ತಪಾಸಣೆ ಮಾಡುವವರು ಬಂದರು. ಮುಂದೆ ನಿನ್ನ ಗೆಳೆಯ ಟಾಮ್ಮೆ, ಹಿಂದೆ ಊರವರು. ಯಾರ ಕಾಲುವೆಯಲ್ಲಿ ಕಳೆಯಿದೆ, ಯಾರ ದಂಡೆ ಕುಸಿದಿದೆ ಎಂದು ನೋಡುತ್ತ, ಮಾಲೀಕನನ್ನು ಗೇಲಿ ಮಾಡುತ್ತ ಬಂದರು. ನಿನ್ನ ಕಾಲುವೆಯನ್ನು ಈವರೆಗೆ ಯಾರೂ ಆಡಿಕೊಂಡಿರಲಿಲ್ಲ. ಈ ಸಲ ಅದರ ಬಾಯಿಗೆ ಅಡ್ಡಲಾಗಿ ಓಕ್ ಹಲಗೆ ಇಳಿಸಿತ್ತು, ನೀರು ದಂಡೆಯವರೆಗೆ ಬಂದಿತ್ತು. ಇಳಿಸಿದವಳು ನಾನೇ. ನಮ್ಮದು ಕೊನೆಯ ಹೊಲವಾದ್ದರಿಂದ ಬೇರೆಯವರಿಗೆ ತೊಂದರೆಯಿಲ್ಲ, ನೀರಿನ ಸಂಘದವರೂ ಒಪ್ಪಿದ್ದಾರೆ. "ಏನಮ್ಮಾ ಫೋಲ್ಕೆ ಇದು? ಐಲರ್ಟ್‌ಗೆ ಗೊತ್ತಾ?" ಎಂದ ಟಾಮ್ಮೆ. ಬಂದ ಮೇಲೆ ಗೊತ್ತಾಗುತ್ತೆ ಎಂದೆ. "ಕೊಂದೇ ಬಿಡ್ತಾನೆ ನಿನ್ನ." "ಕೊಲ್ಲೋಕೂ ಉಸಿರು ಬೇಕಲ್ಲಪ್ಪಾ" ಎಂದೆ, ನಗಿಸಲೆಂದು. ಯಾರೂ ನಗಲಿಲ್ಲ. ಟಾಮ್ಮೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಆ ನೀರನ್ನೇ ನೋಡುತ್ತ ನಿಂತ. ಅವರು ಹೋದ ಮೇಲೆ ನಾನು ದಂಡೆಯ ಮೇಲೆ ಕೂತು ಅತ್ತೆ. ನೀನೂ ನಿಮ್ಮಪ್ಪನೂ ನಡು ಮುರಿದುಕೊಂಡು ತೋಡಿದ ಕಾಲುವೆ ಅದು, ನನಗೆ ಗೊತ್ತಿಲ್ಲವೇ?

ಕಂಬಳಿ ಹೊದ್ದುಕೋ, ಕಿಟಕಿ ತೆರೆದಿಡು, ನರ್ಸುಗಳನ್ನು ಬೈಯಬೇಡ. ನಿನ್ನ ಹಾದಿಯನ್ನೇ ನೋಡುತ್ತಿರುವ

ನಿನ್ನ ಫೋಲ್ಕೆ

ಮರೆತೆ: ಅಂಚೆಯವನು ಗೇಟಿನಲ್ಲಿದ್ದಾನೆ. ದೊಡ್ಡ ಡಾಕ್ಟರು ನನಗೆ ಫೋನ್ ಮಾಡಿದ್ದರು. ನಿನ್ನ ಎದೆಯಲ್ಲಿರುವುದು ಒಣಹುಲ್ಲಿನ ಧೂಳು, ಇನ್ನು ನೀನು ಕೊಟ್ಟಿಗೆಗೆ ಕಾಲಿಡುವಂತಿಲ್ಲ, ಎಂದೆಂದಿಗೂ. ನಿನಗೆ ನಾನೇ ಹೇಳುತ್ತೇನೆಂದು ಅವರ ಬಾಯಿ ಮುಚ್ಚಿಸಿದೆ. ಹಸುಗಳಿಲ್ಲದ ಮೇಲೆ ಹುಲ್ಲುಗಾವಲು ಯಾರಿಗೆ ಎಂದು ಮರುದಿನವೇ ಹಲಗೆ ಇಳಿಸಿದೆ. ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಹಸುಗಳು ಮಾರಾಟವಾಗಿ ಹೋಗಿರುತ್ತವೆ. ಟ್ರೀನ್ ಒಬ್ಬಳನ್ನು ಉಳಿಸಿಕೊಂಡಿದ್ದೇನೆ. ಅಂಗಳದಲ್ಲೇ ನಿಂತು ಅವಳ ಹೆಸರು ಕೂಗು, ಅವಳೇ ಹೊರಗೆ ಬರುತ್ತಾಳೆ. ಆಮೇಲೆ ನನ್ನನ್ನು ಬೈಯುವುದಿದ್ದರೆ ಟೀ ಮುಂದೆ ಕೂತು ಬೈ, ಎಷ್ಟು ಬೇಕಾದರೂ ಸುರಿಯುತ್ತೇನೆ. ಚಮಚವನ್ನು ಮಾತ್ರ ಬಟ್ಟಲೊಳಗೆ ಇಟ್ಟುಬಿಡಬೇಡ.