ತಡಕ್ಕೆ ಕಾರಣ

ನಮ್ಮ ಮನೆ, ಮೂರನೇ ಮಹಡಿ
ಭಾನುವಾರ, ಹದಿನೇಳನೇ ತಾರೀಖು
ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ

ಪ್ರೀತಿಯ ರೀ,

ಹೀಗೆ ಶುರು ಮಾಡಿದ್ದಕ್ಕೆ ನಗಬೇಡಿ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನಿಮ್ಮನ್ನು ನಾನು ಬೇರೆ ಏನೂ ಅಂತ ಕರೆದವಳಲ್ಲ. ಈಗ ಕಾಗದಕ್ಕೋಸ್ಕರ ಹೊಸ ಹೆಸರು ಹುಡುಕುತ್ತಾ ಕೂತರೆ ವಕೀಲರು ಬರುವ ಹೊತ್ತಾಗುತ್ತದೆ. ಹನ್ನೆರಡಕ್ಕೆ ಬಂದು ಈ ಕಾಗದ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಮೊದಲು ಆರೋಗ್ಯ ಹೇಳಿ. ಮಂಡಿ ನೋವು ಹೇಗಿದೆ? ನೆಲದ ಮೇಲೆ ಮಲಗಿಸುತ್ತಾರಂತೆ, ಎರಡು ಕಂಬಳಿ ಕೇಳಿ ಪಡೆಯಿರಿ, ಸಂಕೋಚ ಮಾಡಿಕೊಳ್ಳಬೇಡಿ. ರಸ್ತೆ ಮಧ್ಯೆ ಕೂರುವಾಗ ಇಲ್ಲದ ಸಂಕೋಚ ಕಂಬಳಿ ಕೇಳುವಾಗ ಯಾಕೆ? ಬಿ.ಪಿ. ಮಾತ್ರೆ ಬೆಳಿಗ್ಗೆ ಒಂದೇ, ಎರಡಲ್ಲ. ಮಕ್ಕಳಿಗೆ ಲೆಕ್ಕ ಕಲಿಸುವ ಮೇಷ್ಟ್ರು ನೀವು, ಆದರೂ ಮಾತ್ರೆ ಎಣಿಸುವಾಗ ಯಾವತ್ತೂ ತಪ್ಪುತ್ತೀರಿ. ಅತ್ತೆ ಚೆನ್ನಾಗಿದ್ದಾರೆ. ಮಗ ಜೈಲಿಗೆ ಹೋದ ಅಂತ ಅಳುತ್ತಾರೇನೋ ಎಂದುಕೊಂಡಿದ್ದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡುತ್ತಿದ್ದಾರೆ. ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ತಾವೇ ನಿಲ್ಲಿಸಿ ಹೇಳುತ್ತಾರೆ. ನಿಮಗೆ ಬೂದು ಸ್ವೆಟರ್ ಕಳಿಸಿದ್ದಾರೆ, ಹಾಕಿಕೊಳ್ಳಿ.

ಮನೆಯಲ್ಲಿ ವಿಶೇಷವೇನಿಲ್ಲ. ಅಡುಗೆಮನೆ ಕಿಟಕಿಯ ಚಿಲಕ ಇನ್ನೂ ಹಾಗೇ ಇದೆ. ಗಾಳಿಗೆ ಅದು ಟಪ್ ಟಪ್ ಅಂದಾಗಲೆಲ್ಲ ನೀವು ಬಂದಿರಿ ಅನ್ನಿಸುತ್ತದೆ. ಹನ್ನೊಂದು ದಿನದಿಂದ ಹೀಗೇ. ನಾನು ಗಟ್ಟಿಗಿತ್ತಿ ಅಂತ ಬಸ್ ಡಿಪೋದಲ್ಲೆಲ್ಲ ಹೆಸರು, ಆದರೆ ಹಾಸಿಗೆಯ ನಿಮ್ಮ ಕಡೆಗೆ ಯಾಕೋ ಕಾಲು ಚಾಚಲು ಆಗುತ್ತಿಲ್ಲ. ಇದನ್ನು ವಕೀಲರು ಓದುವುದಿಲ್ಲ ತಾನೆ?

ಈಗ ಬುಧವಾರದ ವಿಚಾರಣೆಯ ವಿಷಯ. ವಕೀಲರು ನನಗೆ ಬಿಡಿಸಿ ಹೇಳಿದರು. ನೀವು ಬಸ್ಸನ್ನು ಅರ್ಧ ಗಂಟೆಗಿಂತ ಕಡಿಮೆ ತಡೆದಿದ್ದರೆ ಎಚ್ಚರಿಕೆ ಕೊಟ್ಟು ಮನೆಗೆ ಕಳಿಸುತ್ತಾರೆ. ಅರ್ಧ ಗಂಟೆ ಮೀರಿದರೆ ಆರು ತಿಂಗಳು ಒಳಗೆ, ಮೇಷ್ಟ್ರ ಕೆಲಸಕ್ಕೂ ಎಳ್ಳುನೀರು. ಎಷ್ಟು ನಿಮಿಷ ಅನ್ನುವುದಕ್ಕೆ ಪೊಲೀಸರ ಕೈಯಲ್ಲಿರುವುದು ಒಂದೇ ಒಂದು ಕಾಗದ, ನಾನು ಅವತ್ತು ಡಿಪೋದಲ್ಲಿ ತುಂಬಿಸಿದ ತಡದ ಫಾರ್ಮಿನ ನಕಲು. 'ತಡಕ್ಕೆ ಕಾರಣ: ಕೋಡ್ ಏಳು, ರಸ್ತೆ ತಡೆ. ನಲವತ್ತೆರಡು ನಿಮಿಷ.' ಕೆಳಗೆ ನನ್ನ ಸಹಿ. ವಕೀಲರು ಕನ್ನಡಕ ಒರೆಸಿಕೊಳ್ಳುತ್ತಾ, "ಸರಿಯಾಗಿ ನೆನಪಿಲ್ಲ ಅಂದುಬಿಡಿ ಮೇಡಂ, ಅಷ್ಟು ಸಾಕು" ಎಂದರು. ನಾನು ಆಗುವುದಿಲ್ಲ ಎಂದೆ. ಹದಿನಾಲ್ಕನೇ ನಂಬರಿನ ಬಸ್ಸನ್ನು ಇಪ್ಪತ್ತೆರಡು ವರ್ಷ ಓಡಿಸಿದ್ದೇನೆ, ನನ್ನ ತಪ್ಪಿನಿಂದ ಅದು ಒಂದು ನಿಮಿಷ ತಡವಾಗಿದ್ದಿಲ್ಲ. ಡಿಪೋದವರು ಸುಮ್ಮನೆ ನನ್ನನ್ನು 'ಗಡಿಯಾರ' ಅಂತ ಕರೆಯುತ್ತಾರೆಯೇ? ಗಂಡನಿಗೋಸ್ಕರ ಅಂತ ಸುಳ್ಳು ಬರೆಯುವವಳು ನಾನಲ್ಲ. ನೀವೂ ಹೋದ ವಾರದ ಚೀಟಿಯಲ್ಲಿ ಅದನ್ನೇ ಬರೆದಿದ್ದಿರಿ, "ಫಾರ್ಮು ಮುಟ್ಟಬೇಡ, ನಿನ್ನ ಹೆಸರು ಕೆಡಿಸ್ಕೋಬೇಡ" ಅಂತ. ಓದಿ ಹೆಮ್ಮೆಯಾಯಿತು.

ಆದರೆ ಅವತ್ತಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ಹೇಳಿಯೇ ತೀರುತ್ತೇನೆ. ಒಂಬತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ಹೆರಿಗೆ ಆಸ್ಪತ್ರೆ ಸ್ಟಾಪಿಗೆ ಬಂದೆ. ಬಸ್ಸಿನ ತುಂಬ ಜನ. ನೋಡಿದರೆ ರಸ್ತೆಯ ಈ ಅಂಚಿನಿಂದ ಆ ಅಂಚಿನ ತನಕ ಮನುಷ್ಯರು ಆಗ ತಾನೆ ಬಂದು ಕೂತಿದ್ದಾರೆ, 'ಹೆರಿಗೆ ಆಸ್ಪತ್ರೆ ಮುಚ್ಚಬೇಡಿ' ಅಂತ ಬಟ್ಟೆ ಕಟ್ಟಿಕೊಂಡು. ಎರಡು ಸಲ ಹಾರ್ನು ಹೊಡೆದೆ. ಯಾರೂ ಕದಲಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ನೀಲಿ ಚೌಕದ ಅಂಗಿ, ಎಡತೋಳಿನ ಗುಂಡಿ ನಾನೇ ಹೊಲಿದಿದ್ದು, ಬೇರೆ ಬಣ್ಣದ ದಾರದಲ್ಲಿ. ಕಿಟಕಿಯಿಂದ ತಲೆ ಹೊರಗೆ ಹಾಕಿ "ರೀ!" ಅಂತ ಕೂಗಿದೆ. ಕೂತಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ನೀವೊಬ್ಬರು ಮಾತ್ರ ತಲೆ ತಗ್ಗಿಸಿದಿರಿ. ನೀವೇ ಅನ್ನುವುದರಲ್ಲಿ ಆಮೇಲೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ತರಗತಿಯಲ್ಲಿ ಗದ್ದಲವಾದರೂ ದನಿ ಎತ್ತರಿಸದ ಮನುಷ್ಯ, ಅಂಗಡಿಯಲ್ಲಿ ಸರದಿ ತಪ್ಪಿಸಿ ನುಗ್ಗಿದವನಿಗೂ "ಪರವಾಗಿಲ್ಲ" ಅನ್ನುವ ಮನುಷ್ಯ, ಊರಲ್ಲಿ ಇಷ್ಟೊಂದು ಬಸ್ಸಿರುವಾಗ ಬಂದು ಬಂದು ನನ್ನ ಬಸ್ಸಿಗೆ ಅಡ್ಡ ಕೂತಿದ್ದೀರಿ!

ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದೇ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಎಂಜಿನ್ ಆರಿಸಿ, ಕೀಲಿ ಕಿತ್ತುಕೊಂಡು, ಇಳಿದು ಬಂದೆ. ನಿಮ್ಮನ್ನು ತೋಳು ಹಿಡಿದು ಎಬ್ಬಿಸಿ, ಬಸ್ಸಿನ ಕಡೆ ಮುಖ ಮಾಡಿ ನಿಂತು, ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮನೆಯಲ್ಲಿ ಒಂದು ಮಾತು ಹೇಳದೆ ಹೀಗೆ ಮಾಡಬಹುದೇ ಎಂದು ಕೇಳಿದೆ. ಬಸ್ಸಿನೊಳಗಿರುವ ಜನ ಯಾರ ಆಸ್ಪತ್ರೆ ಮುಚ್ಚಿದ್ದಾರೆ ಎಂದು ಕೇಳಿದೆ. ಕಿಟಕಿ ಚಿಲಕದ ವಿಷಯವೂ ಬಂತು. ಯಾಕೆ ಬಂತೋ ಗೊತ್ತಿಲ್ಲ, ಬಂತು. ಹಿಂದಿನ ಗಾಡಿಗಳು ಒಂದೇ ಸಮನೆ ಹಾರ್ನು ಹೊಡೆಯುತ್ತಿದ್ದವು, "ಕೇಳ್ಸ್ಕೊಳ್ಳಿ, ಊರೇ ನಿಮ್ಮನ್ನ ಬೈತಾ ಇದೆ" ಎಂದೆ. ನಡುವೆ ಎರಡು ಸಲ ನೀವು ಬಾಯಿ ತೆರೆದಿರಿ, ನನ್ನ ಹೆಗಲ ಮೇಲಿಂದ ಆಚೆಗೆ ಕೈ ಮಾಡಿ ಏನೋ ತೋರಿಸಿದಿರಿ. "ತಡೀರಿ, ನನ್ನ ಮಾತು ಮುಗೀಲಿ" ಎಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಪೊಲೀಸರು ಬರುವ ತನಕ. ಅವರು ಬಂದಾಗ ರಸ್ತೆಯ ಮೇಲೆ ನಿಂತಿದ್ದ ಚಳವಳಿಗಾರರು ನೀವೊಬ್ಬರೇ, ಉಳಿದವರೆಲ್ಲ ಅಂಚಿಗೆ ಸರಿದುಬಿಟ್ಟಿದ್ದರು. ನೋಡಿ, ನಿಮ್ಮ ಜತೆಯವರ ಚೆಂದ! ನಿಮ್ಮನ್ನು ಜೀಪಿಗೆ ಹತ್ತಿಸಿದರು, ನಾನು ಬಸ್ಸು ಹತ್ತಿದೆ. ಹತ್ತು ಗಂಟೆ ಇಪ್ಪತ್ಮೂರು ನಿಮಿಷಕ್ಕೆ ಹೊರಟೆ.

ನನ್ನ ಅಭಿಪ್ರಾಯ ನಿಮಗೆ ಗೊತ್ತೇ ಇದೆ, ಆದರೂ ಬರೆದು ಕೊಡುತ್ತೇನೆ. ಆಸ್ಪತ್ರೆ ಮುಚ್ಚುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಅದು ಮುಚ್ಚಿದರೆ ನಮ್ಮ ಕಡೆಯ ಬಸುರಿಯರೆಲ್ಲ ಸೇತುವೆ ದಾಟಿ ಹೊಸ ಆಸ್ಪತ್ರೆಗೆ ಹೋಗಬೇಕು. ಅವರು ಹೋಗುವುದು ನನ್ನ ಬಸ್ಸಿನಲ್ಲೇ, ಸೀಟಿನ ಕಂಬಿ ಬಿಗಿಯಾಗಿ ಹಿಡಿದುಕೊಂಡು. ಹಳ್ಳ ಬಂದಾಗ ಅವರ ಮುಖ ಏನಾಗುತ್ತದೆ ಅಂತ ಕನ್ನಡಿಯಲ್ಲಿ ನೋಡುವವಳು ನಾನು, ನಗರಸಭೆಯ ಸದಸ್ಯರಲ್ಲ. ಆದರೆ ಅದಕ್ಕೆ ಬಸ್ಸು ತಡೆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಆಸ್ಪತ್ರೆ ಮುಚ್ಚಲು ಕೈ ಎತ್ತಿದವರು ಬಸ್ಸಿನಲ್ಲಿ ಓಡಾಡುವುದಿಲ್ಲ. ಅವರ ಮನೆ ಗೇಟಿನ ಮುಂದೆ ಕೂತುಕೊಳ್ಳಿ, ನಾನೇ ಚಾಪೆ ಹಾಸಿ ಕೊಡುತ್ತೇನೆ. ಇದನ್ನು ಅತ್ತೆಗೆ ಹೇಳಿದೆ. ಅವರು ಬೀನ್ಸ್ ನಾರು ತೆಗೆಯುತ್ತಾ, "ಅಳದ ಮಗೂಗೆ ಯಾರು ಹಾಲು ಕೊಡ್ತಾರಮ್ಮ? ಗೇಟಿನ ಮುಂದೆ ಮೂರು ತಿಂಗಳು ಕೂತ್ರಲ್ಲ, ನಿಂಗೆ ಗೊತ್ತಾಯ್ತಾ?" ಅಂದರು. ನನಗೆ ಗೊತ್ತಿರಲಿಲ್ಲ. ಶಾಲೆ ಮುಗಿಸಿ ದಿನಾ ಸಂಜೆ ಅಲ್ಲಿ ಹೋಗಿ ಕೂತು ಬರುತ್ತಿದ್ದಿರಂತೆ. ನಾನು ನೀವು ವಾಕಿಂಗ್ ಹೋಗುತ್ತೀರಿ ಎಂದುಕೊಂಡಿದ್ದೆ. ನಿಮ್ಮನ್ನು ಹೆತ್ತದ್ದೂ ಅದೇ ಆಸ್ಪತ್ರೆಯಲ್ಲಿ, ನೋವು ಬಂದಾಗ ನಡೆದುಕೊಂಡೇ ಹೋದೆ ಎಂದರು. ಬೀನ್ಸ್ ನನ್ನ ಕಡೆಗೂ ಸ್ವಲ್ಪ ಎಳೆದುಕೊಂಡೆ.

ನೀವು ವಕೀಲರ ಕೈಲಿ ಕಳಿಸಿದ ನೀಲಿ ಅಂಗಿ ಒಗೆಯುವ ಮೊದಲು ಜೇಬು ನೋಡಿದೆ. ನಿಮ್ಮ ಕರಪತ್ರ ಸಿಕ್ಕಿತು. 'ಹೊಸ ಆಸ್ಪತ್ರೆ ಇಲ್ಲಿಂದ ಹತ್ತೊಂಬತ್ತು ನಿಮಿಷ ದೂರ. ನಾವು ಹತ್ತೊಂಬತ್ತು ನಿಮಿಷ ಮಾತ್ರ ಕೂರುತ್ತೇವೆ, ಆಮೇಲೆ ದಾರಿ ಬಿಡುತ್ತೇವೆ. ಒಬ್ಬ ಬಸುರಿಗೆ ಈ ಹೊತ್ತು ಎಷ್ಟು ಉದ್ದ ಅಂತ ದಯವಿಟ್ಟು ಯೋಚಿಸಿ.' ಈ ಹತ್ತೊಂಬತ್ತು ಎಲ್ಲಿಂದ ಬಂತು ಅಂತ ನನಗೆ ತಟ್ಟನೆ ನೆನಪಾಯಿತು. ಒಂದು ದಿನ ನಾನು ಡ್ಯೂಟಿಗೆ ಶೂ ಕಟ್ಟುತ್ತಿದ್ದಾಗ ನೀವು ಬಾಗಿಲಲ್ಲಿ ನಿಂತು, ಆಸ್ಪತ್ರೆ ಸ್ಟಾಪಿನಿಂದ ಹೊಸ ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ಕೇಳಿದಿರಿ. ನಾನು ತಲೆ ಎತ್ತದೆ "ಹತ್ತೊಂಬತ್ತು" ಎಂದೆ. ನೀವು "ಒಂದು ವಿಷಯ ಹೇಳ್ಬೇಕಿತ್ತು" ಎಂದಿರಿ. ನಾನು "ತಡೀರಿ, ಆಮೇಲೆ" ಎಂದೆ. ಆ ವಾರದಲ್ಲಿ ಅಂಥ 'ತಡೀರಿ' ಮೂರೋ ನಾಲ್ಕೋ ಆಗಿರಬೇಕು. ಅದಕ್ಕೇ ನೀವು ರಸ್ತೆ ತಡೆ ಮಾಡಿದಿರೇನೋ, ಮನೆಯಲ್ಲಿ ಕಲಿತ ಪಾಠ! ಇರಲಿ, ಅದು ನನ್ನ ತಪ್ಪು, ಒಪ್ಪಿಕೊಂಡೆ. ಆದರೆ ಕರಪತ್ರದಲ್ಲಿ ಬರೆದದ್ದು ಹತ್ತೊಂಬತ್ತು, ಆದದ್ದು ನಲವತ್ತೆರಡು. ಚಳವಳಿ ಮಾಡುವವರ ಬಾಯಲ್ಲಿ ನಿಮಿಷಕ್ಕೆ ಎಷ್ಟು ಸೆಕೆಂಡೋ!

ಆ ನಲವತ್ತೆರಡರ ಪೆಟ್ಟು ಯಾರಿಗೆ ಬಿತ್ತು ಎಂದು ನಿಮಗೆ ತಿಳಿಯಬೇಕು. ಬಾಗಿಲ ಪಕ್ಕದ ಸೀಟಿನಲ್ಲಿ ದಿನಾ ಕೂರುವ ಟೈಲರ್ ಹುಡುಗಿಯ ಬಗ್ಗೆ ನಿಮಗೆ ಹೇಳಿದ್ದೆನಲ್ಲ, ಟೇಪು ಕತ್ತಿಗೆ ಹಾಕಿಕೊಂಡೇ ಬಸ್ಸು ಹತ್ತುವವಳು. ಅವತ್ತು ಹತ್ತೂವರೆಗೆ ದೊಡ್ಡ ಹೊಲಿಗೆ ಕಾರ್ಖಾನೆಯಲ್ಲಿ ಅವಳ ಸಂದರ್ಶನವಿತ್ತು, ಕಾಯಂ ಕೆಲಸಕ್ಕೆ. ಕಾರ್ಖಾನೆ ಆಸ್ಪತ್ರೆ ಸ್ಟಾಪಿನಿಂದ ಹದಿನೈದು ನಿಮಿಷ. ಹತ್ತು ಮೂವತ್ತೆಂಟಕ್ಕೆ ಬಾಗಿಲು ತಟ್ಟಿದಳು. ಎಂಟು ನಿಮಿಷ ತಡ ಅಂತ ಒಳಗೆ ಬಿಡಲಿಲ್ಲ. ಮೊನ್ನೆ ಶುಕ್ರವಾರ ಅವಳು ಬಸ್ಸು ಹತ್ತಿದಾಗ ನಾನೇ ನಿಮ್ಮ ಪರವಾಗಿ ಕ್ಷಮೆ ಕೇಳಿದೆ, "ನಮ್ಮ ಮನೆಯವರಿಂದ ನಿಂಗೆ ಅನ್ಯಾಯ ಆಯ್ತಮ್ಮ" ಅಂತ. ಅವಳು ಅದಕ್ಕೆ ಒಂದು ಮಾತು ಹೇಳಿದಳು. ಅದನ್ನು ಬರೆಯಲು ಕೈ ಬರುತ್ತಿಲ್ಲ. ತಡೀರಿ, ಆಮೇಲೆ ಹೇಳುತ್ತೇನೆ.

ಬುಧವಾರ ನ್ಯಾಯಾಧೀಶರ ಮುಂದೆ ಗಟ್ಟಿಯಾಗಿ ಮಾತಾಡಿ. ನಿಮ್ಮ ಪಿಸುಮಾತು ಮೊದಲ ಬೆಂಚಿಗೂ ಕೇಳುವುದಿಲ್ಲ. ಗಡ್ಡ ತೆಗೆದುಕೊಂಡು ಬನ್ನಿ. ಅತ್ತೆಯ ಆಶೀರ್ವಾದ, ಜೊತೆಗೆ ಅವರ ಕೈಯ ಸ್ವೆಟರ್. ನನ್ನದು ಸಿಟ್ಟು, ಜೊತೆಗೆ ಉಳಿದದ್ದೆಲ್ಲ.

ಇಂತಿ ನಿಮ್ಮ,
ಗಡಿಯಾರ

ಮರೆತದ್ದು: ಈಗ ಹನ್ನೊಂದು ನಲವತ್ತು. ವಕೀಲರು ಬರಲು ಇಪ್ಪತ್ತೇ ನಿಮಿಷ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ. ಒಂಬತ್ತೂವರೆಗೆ ಕಾಗದ ಮಡಿಸುವ ಮೊದಲು ಒಮ್ಮೆ ಓದಿದೆ. ನೀವು ನನ್ನ ಹೆಗಲ ಮೇಲಿಂದ ಕೈ ಮಾಡಿ ತೋರಿಸಿದಿರಿ ಅಂತ ನಾನೇ ಬರೆದಿದ್ದೇನೆ. ಏನು ತೋರಿಸಿದಿರಿ ಅಂತ ಇಷ್ಟು ದಿನ ಕೇಳಿಕೊಂಡಿರಲಿಲ್ಲ. ಟೈಲರ್ ಹುಡುಗಿ ಹೇಳಿದ್ದು ಇದು: "ಅವ್ರು ಹತ್ತು ಗಂಟೆಗೇ ದಾರಿ ಬಿಟ್ಟಿದ್ರಲ್ಲ ಅಕ್ಕಾ. ನೀವೇ ಬಂದು ಬಸ್ಸು ಹತ್ತಲಿಲ್ಲ." ಕೇಳಿದ ಕೂಡಲೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಅವಳಿಗೆ ಹೊತ್ತು ನೋಡಲು ಬರುವುದಿಲ್ಲ ಅಂತ ಎರಡು ದಿನ ಹಟ ಮಾಡಿದೆ. ಒಂಬತ್ತು ನಲವತ್ತೊಂದಕ್ಕೆ ಹತ್ತೊಂಬತ್ತು ಸೇರಿಸಿದರೆ ಸರಿಯಾಗಿ ಹತ್ತು ಗಂಟೆ. ಎಲ್ಲರೂ ಎದ್ದು ಅಂಚಿಗೆ ಸರಿದಿದ್ದರು. ರಸ್ತೆ ನನ್ನ ಬೆನ್ನ ಹಿಂದೆ ಖಾಲಿಯಾಗಿತ್ತು, ಮುಂದೆ ನನ್ನದೇ ಬಸ್ಸು ಅಡ್ಡ ನಿಂತಿತ್ತು, ಕೀಲಿ ನನ್ನ ಕೈಯಲ್ಲಿತ್ತು. ಆ ಹಾರ್ನೆಲ್ಲ ನನಗೆ ರೀ. ನಿಮ್ಮನ್ನು ಪೊಲೀಸರಿಗೆ ಹಿಡಿದುಕೊಟ್ಟದ್ದೂ ನಾನೇ, ತೋಳು ಬಿಡದೆ. ನೀವು ಇದನ್ನೆಲ್ಲ ಕಣ್ಣಾರೆ ನೋಡಿಯೂ ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿರಿ, "ಫಾರ್ಮು ಮುಟ್ಟಬೇಡ" ಅಂತ ಬೇರೆ ಬರೆದಿರಿ.

ಓದಿದ ಕೂಡಲೇ ಡಿಪೋಗೆ ಓಡಿ ಹೋಗಿ, ಈಗ ತಾನೆ ಬಂದೆ. ಹಳೇ ಫಾರ್ಮು ಹೊಡೆದು ಹಾಕಿ ಹೊಸದು ತುಂಬಿಸಿದೆ. 'ತಡಕ್ಕೆ ಕಾರಣ: ಹತ್ತೊಂಬತ್ತು ನಿಮಿಷ, ರಸ್ತೆ ತಡೆ. ಇಪ್ಪತ್ಮೂರು ನಿಮಿಷ, ಚಾಲಕಿ ಬಸ್ಸಿನಿಂದ ಇಳಿದು ಗಂಡನ ಜತೆ ಜಗಳ.' ಮೇಲ್ವಿಚಾರಕರು ಎರಡು ಸಲ ಓದಿ, "ಇದಕ್ಕೆ ಕೋಡೇ ಇಲ್ವಲ್ಲಮ್ಮ" ಎಂದರು. 'ಇತರೆ' ಅಂತ ಹಾಕಿ ಎಂದೆ. ಮೂರು ತಿಂಗಳು ಬಸ್ಸು ಮುಟ್ಟುವ ಹಾಗಿಲ್ಲ, ವಿಚಾರಣೆ ನಡೆಸುತ್ತಾರಂತೆ, ಡಿಪೋ ಗೋಡೆಯ ಮೇಲಿದ್ದ ನನ್ನ 'ಇಪ್ಪತ್ತೆರಡು ವರ್ಷ ತಡವಿಲ್ಲ' ಫಲಕ ಇಳಿಸುತ್ತಾರಂತೆ. ಇಳಿಸಲಿ. ಫಾರ್ಮಿನ ಪ್ರತಿ ಇದರ ಜೊತೆಗಿದೆ, ವಕೀಲರಿಗೆ ಕೊಡುತ್ತೇನೆ. ಟೈಲರ್ ಹುಡುಗಿಯನ್ನು ಕರೆದುಕೊಂಡು ನಾಳೆ ನಾನೇ ಕಾರ್ಖಾನೆಗೆ ಹೋಗಿ ತಪ್ಪು ನನ್ನದು ಅಂತ ಹೇಳುತ್ತೇನೆ. ಆ ಹತ್ತೊಂಬತ್ತು ನಿಮಿಷದ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ, ಗೆದ್ದೆ ಅಂದುಕೊಳ್ಳಬೇಡಿ. ಆದರೆ ಹೇಳುವುದನ್ನು ಕೇಳುವವರಿಲ್ಲ ಅನ್ನಿಸಿದಾಗ ನಾನೂ ರಸ್ತೆಯನ್ನೇ ತಡೆದೆ, ಅದೂ ನಿಮಗಿಂತ ನಾಲ್ಕು ನಿಮಿಷ ಹೆಚ್ಚು. ಗಂಟೆ ಬಾರಿಸಿದರು, ವಕೀಲರು ಬಂದರು. ಬುಧವಾರ ಮನೆಗೆ ಬನ್ನಿ, ಉಳಿದ ಜಗಳ ಅಡುಗೆಮನೆಯಲ್ಲಿ, ಯಾರಿಗೂ ಅಡ್ಡವಾಗದ ಹಾಗೆ. ಈ ಸಲ ಮೊದಲು ನೀವು ಹೇಳಿ.