ತೆಂಗಿನ ಚಿಪ್ಪು ಯಾವ ಇಲಾಖೆಗೆ ಸೇರಿದ್ದು?

ಅಂತರ ಇಲಾಖಾ ಆರೋಗ್ಯ ಸಮನ್ವಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮೂರ ಸರ್ಕಾರಿ ಆಸ್ಪತ್ರೆಯ ಹಿತ್ತಲಲ್ಲಿ ನಿಮ್ಮ ಸಮಿತಿ ಗುಡ್ಡೆ ಹಾಕಿಸಿರುವ ತೆಂಗಿನ ಚಿಪ್ಪನ್ನು ದಯವಿಟ್ಟು ತೆಗೆಸಿ. ಮೊನ್ನೆ ಮಳೆ ಬಂತು. ಚಿಪ್ಪಿನಲ್ಲಿ ನೀರು ನಿಂತಿದೆ, ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿವೆ. ಗುಡ್ಡೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ ಇದೆ. ಸೊಳ್ಳೆಗೆ ರೆಕ್ಕೆ ಇದೆ. ಇಷ್ಟನ್ನು ಹೇಳುವುದಕ್ಕೆ ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ನಾನು ತುಮಕೂರಿಗೆ ಬಂದು ತಮ್ಮ ಕಚೇರಿ ಬಾಗಿಲಲ್ಲಿ ಕೂತಾಗಲೆಲ್ಲ ತಾವು ಸಮನ್ವಯದ ಸಭೆಯಲ್ಲಿದ್ದಿರಿ.

ತಾವು ಈ ಕುರ್ಚಿಗೆ ಹೊಸಬರು. ನಮ್ಮ ಕಸುಬು ತಿಳಿದಿರಲಿಕ್ಕಿಲ್ಲ. ಗುಬ್ಬಿ ಕಡೆಯ ನಾವು ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರಿಬಿಡುವವರಲ್ಲ. ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಕಾಯುತ್ತೇವೆ. ಒಳಗೆ ಕೊಬ್ಬರಿ ಕಳಚಿಕೊಂಡು ಗಡಗಡ ಎಂದಾಗ ಇಳಿಸಿ, ಸುಲಿದು, ಒಡೆಯುತ್ತೇವೆ. ಉಂಡೆ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಚಿಪ್ಪು ಮನೆ ಮುಂದೆ ಗುಡ್ಡೆಯಾಗಿ ಬೀಳುತ್ತದೆ. ಕುಣಿಗಲ್ ಕಡೆಯ ವ್ಯಾಪಾರಿ ಚನ್ನೇಶ್ ಲಾರಿ ತಂದು ಅದನ್ನು ಇದ್ದಿಲು ಸುಡುವವರಿಗೆ ಒಯ್ಯುತ್ತಾನೆ. ಅವನು ತಡ ಮಾಡಿ ಮಳೆ ಬೇಗ ಬಂದರೆ ಮನೆಯವರು ಚಿಪ್ಪನ್ನು ಕೊಟ್ಟಿಗೆಗೋ ಸೂರಿನಡಿಗೋ ಎಳೆದುಹಾಕುತ್ತಾರೆ. ಎಲ್ಲರೂ ಹಾಕುತ್ತಾರೆಂದು ಸುಳ್ಳು ಹೇಳುವುದಿಲ್ಲ. ಸೋಮಾರಿಗಳನ್ನು ಸಾಕುವುದರಲ್ಲಿ ನಮ್ಮೂರೇನೂ ಹಿಂದೆ ಬಿದ್ದಿಲ್ಲ.

ಹೋದ ಮಳೆಗಾಲದಲ್ಲಿ ಅಂಥ ಸೋಮಾರಿಗಳ ಚಿಪ್ಪಿನಿಂದಲೇ ಎದ್ದಿತೋ, ಚರಂಡಿ ಪಕ್ಕದ ಹಳೇ ಟೈರಿನಿಂದ ಎದ್ದಿತೋ, ಊರಿಗೆ ಡೆಂಗಿ ಬಂತು. ನನ್ನ ಮೊಮ್ಮಗಳು ನಂದಿತಾ ಏಳನೇ ಕ್ಲಾಸು. ಜ್ವರ ಬಿಟ್ಟಿತೆಂದು ನಾವು ಸಂತೋಷಪಟ್ಟ ದಿನವೇ ಅವಳ ಹೊಟ್ಟೆನೋವು ಶುರುವಾಗಿ, ಮೂಗಲ್ಲಿ ರಕ್ತ ಬಂತು. ತುಮಕೂರಿಗೆ ಹೊತ್ತುಕೊಂಡು ಓಡಿದೆವು. ಮಗು ಬದುಕಿತು. ಬಿಡುಗಡೆ ಮಾಡುವಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇದು: "ಯಜಮಾನ್ರೇ, ಇವಳಿಗೆ ಇನ್ನೊಂದ್ಸಲ ಡೆಂಗಿ ಬರದ ಹಾಗೆ ನೋಡ್ಕೊಳ್ಳಿ. ಎರಡನೇ ಸಲ ಬಂದ್ರೆ ಇದಕ್ಕಿಂತ ಜೋರಾಗಬಹುದು."

ನೋಡಿಕೊಳ್ಳಬೇಕಲ್ಲ, ಹೊರಟೆ. ಚಿಪ್ಪು ಯಾರಿಗೆ ಸೇರಿದ್ದೆಂದು ಕೇಳುತ್ತಾ ಹೋದೆ. ಆರೋಗ್ಯದವರು ಬಂದು ಟಾರ್ಚ್ ಬಿಟ್ಟು ನೋಡಿ, ಮರಿ ಇರುವುದು ಹೌದೆಂದು ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪತ್ತೆ ಹಚ್ಚುವುದಷ್ಟೇ ತಮ್ಮ ಕೆಲಸ ಎಂದರು. ಪಂಚಾಯ್ತಿಯವರು, ಕಸವಾದರೆ ನಮ್ಮದು, ಇದು ಮಾರುವ ಮಾಲು ಎಂದರು. ತೋಟಗಾರಿಕೆಯವರಿಗೆ ಮರದಲ್ಲಿರುವ ತನಕ ಮಾತ್ರ ಕಾಯಿ. ಮಾರುಕಟ್ಟೆಯವರಿಗೆ ಕೊಬ್ಬರಿ ಮಾತ್ರ. ಸುಟ್ಟಾಗ ಹೊಗೆ ಎದ್ದರೆ ಬನ್ನಿ ಎಂದವರೂ ಒಬ್ಬರಿದ್ದರು. ಅಂತೂ ಮಾನ್ಯರೇ, ಮರಕ್ಕೆ ಒಬ್ಬರು, ಕೊಬ್ಬರಿಗೆ ಒಬ್ಬರು, ಹೊಗೆಗೆ ಒಬ್ಬರು, ಸೊಳ್ಳೆಗೆ ಒಬ್ಬರು. ಚಿಪ್ಪೊಂದೇ ಅನಾಥ.

ಆಗ ಹುಟ್ಟಿದ್ದು ತಮ್ಮ ಸಮಿತಿ. ಉದ್ಘಾಟನೆಗೆ ನಾನೂ ಬಂದಿದ್ದೆ. ನಮ್ಮಂಥ ದೇಶದಲ್ಲಿ ಜನರ ಆರೋಗ್ಯ ಸುಧಾರಿಸಬೇಕಾದರೆ ಎಲ್ಲ ಇಲಾಖೆಗಳೂ ಕೈಜೋಡಿಸಬೇಕು ಎಂದು ಪರದೆಯ ಮೇಲೆ ಬಣ್ಣಬಣ್ಣದ ಬಾಣಗಳನ್ನು ಬಿಟ್ಟು ತೋರಿಸಿದರು. ಸತ್ಯವಾದ ಮಾತು. ನೀರಿನವರು ಕೆಟ್ಟರೆ ಜ್ವರ, ರಸ್ತೆಯವರು ಕೆಟ್ಟರೆ ಆಸ್ಪತ್ರೆಗೆ ತಡ, ಇದು ನನಗೂ ಗೊತ್ತು. ಒಂದು ವಾರ ಕಳೆಯುವುದರೊಳಗೆ ಜಂಟಿ ಕಾರ್ಯಾಚರಣೆ ಬಂದೇಬಿಟ್ಟಿತು. ಪಂಚಾಯ್ತಿ ಟ್ರ್ಯಾಕ್ಟರು, ಆರೋಗ್ಯದವರ ಸೀಟಿ, ಕಂದಾಯದವರ ಮಹಜರು. ಮನೆಮನೆಯ ಚಿಪ್ಪನ್ನು, ಸೂರಿನಡಿ ಒಣಗಿಕೊಂಡಿದ್ದ ಚಿಪ್ಪನ್ನೂ ಸೇರಿಸಿ, ಜಪ್ತಿ ಮಾಡಿ, ಸುರಕ್ಷಿತ ಸರ್ಕಾರಿ ಜಾಗ ಎಂದು ಆಸ್ಪತ್ರೆ ಹಿತ್ತಲಿಗೆ ಸುರಿದರು. ಮೇಲೆ ಆಕಾಶ ಬಿಟ್ಟರೆ ಬೇರೆ ಮುಚ್ಚಳವಿಲ್ಲ. ನನ್ನ ಹೆಂಡತಿ ಕರಿಬಸಮ್ಮ ಗೋಡೆಯ ಈಚೆಯಿಂದ ಇಣುಕಿ ನೋಡಿ, "ಅಯ್ಯೋ ಶಿವನೇ! ಮನೆಮನೇಲಿ ಇದ್ದ ಸೊಳ್ಳೆನೆಲ್ಲ ತಂದು ಆಸ್ಪತ್ರೆಗೇ ಅಡ್ಮಿಟ್ ಮಾಡವ್ರಲ್ರೀ!" ಎಂದಳು.

ಬೇಸಿಗೆಯಿಡೀ ಗುಡ್ಡೆ ಒಣಗಿ ಕೂತಿತ್ತು. ಆಗಲೇ ತೆಗೆಸಿ ಎಂದು ಬೇಡಿಕೊಂಡೆ. ಜಂಟಿಯಾಗಿ ಜಪ್ತಿ ಮಾಡಿದ್ದನ್ನು ಜಂಟಿಯಾಗಿಯೇ ಬಿಡುಗಡೆ ಮಾಡಬೇಕಂತೆ. ಸಹಿ ಹಾಕಿದ್ದವರಲ್ಲಿ ಒಬ್ಬರಿಗೆ ವರ್ಗವಾಗಿದೆ, ಇನ್ನೊಬ್ಬರು ತರಬೇತಿಗೆ ಹೋಗಿದ್ದಾರೆ. ತರಬೇತಿಯ ವಿಷಯ ಸಮನ್ವಯ ಎಂದು ಅವರ ಕಚೇರಿಯಲ್ಲೇ ಹೇಳಿದರು, ನಾನು ಕಟ್ಟಿದ್ದಲ್ಲ. ಎಲ್ಲರೂ ಕೈಜೋಡಿಸಿದ್ದಾರೆ ನಿಜ. ಚಿಪ್ಪು ಎತ್ತಲು ಒಂದು ಕೈಯಾದರೂ ಬಿಡುವಾಗಿದ್ದರೆ ಚೆನ್ನಾಗಿತ್ತು.

ಚನ್ನೇಶನನ್ನೂ ಕೇಳಿದೆ. "ಕೊಟ್ರೆ ನಾಳೆನೇ ಲಾರಿ ತರ್ತೀನಿ ಕಣಣ್ಣ. ಆದ್ರೆ ಸರ್ಕಾರಿ ಚಿಪ್ಪು ಮುಟ್ಟಿ ಸ್ಟೇಷನ್ ಮೆಟ್ಟಿಲು ಹತ್ತೋಕೆ ನಂಗೇನ್ ಗ್ರಹಚಾರ? ನೀನು ಒಂದ್ ಮಾತು ಬರೆಸ್ಕೊಡು ಸಾಕು" ಎಂದ. ಆ ಒಂದು ಮಾತನ್ನು ಬರೆದುಕೊಡುವವರು ಯಾರು? ಪಕ್ಕದ ಬಿದರೆಹಳ್ಳಿ ಕಾವಲ್‌ನಲ್ಲಿ ಕಾರ್ಖಾನೆಯವರು ಹೆಲಿಕಾಪ್ಟರನ್ನೇ ಜೋಡಿಸಿ ಹಾರಿಸುತ್ತಾರೆ. ಅಲ್ಲಿ ರೆಕ್ಕೆಯವರು ಬಾಲದವರನ್ನು ಕೇಳಿ ಎಂದು ಕೂತಿದ್ದರೆ ಅದು ಎದ್ದೇಳುತ್ತಿತ್ತೇ? ಅದೇ ತಾಲ್ಲೂಕಿನಲ್ಲಿ ಒಂದು ಲಾರಿ ಚಿಪ್ಪು ಹೊರಡಿಸಲು ನಮ್ಮಿಂದ ಆಗುತ್ತಿಲ್ಲ.

ಈಗ ಮಳೆ ಬಂದಿದೆ. ಆಸ್ಪತ್ರೆಯ ಮುಂದುಗಡೆ ಗೋಡೆಯಲ್ಲಿ 'ನೀರು ನಿಲ್ಲದಂತೆ ನೋಡಿಕೊಳ್ಳಿ' ಎಂಬ ಫಲಕವಿದೆ, ಹಿಂದುಗಡೆ ತಮ್ಮ ಗುಡ್ಡೆ ಇದೆ. ಡೆಂಗಿ ಸೊಳ್ಳೆ ಹಗಲಲ್ಲೇ ಹೆಚ್ಚು ಕಚ್ಚುತ್ತದೆಯಂತೆ. ಕಚೇರಿ ವೇಳೆಯಲ್ಲಿ ತಪ್ಪದೆ ಕೆಲಸ ಮಾಡುವುದು ಈ ಪ್ರಕರಣದಲ್ಲಿ ಅದೊಂದೇ. ಮೊನ್ನೆ ನಂದಿತಾ ಗೋಡೆಯ ಕಡೆ ನೋಡುತ್ತಾ, "ತಾತ, ಮತ್ತೆ ಜ್ವರ ಬಂದ್ರೆ ಅದೇ ಬೆಡ್ಡಿಗೆ ಹಾಕ್ತಾರಾ? ಕಿಟಕಿ ಪಕ್ಕದ್ದು ಕೊಡಿ ಅಂತ ಕೇಳು" ಅಂದಳು. ನನಗೆ ಭಯವಾಗಿದೆ ಸ್ವಾಮಿ. ಇಷ್ಟುದ್ದ ವ್ಯಂಗ್ಯ ಬರೆದದ್ದೂ ಆ ಭಯಕ್ಕೇ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಶನಿವಾರ ಸಂಜೆಯೊಳಗೆ ಗುಡ್ಡೆ ಎತ್ತಿಸಿ. ಯಾವ ಇಲಾಖೆ ಎತ್ತಿದರೂ ನಮಗೆ ಅಡ್ಡಿಯಿಲ್ಲ, ಅರಣ್ಯದವರು ಬಂದರೂ ಕಾಫಿ ಕೊಡುತ್ತೇವೆ. ಎತ್ತದಿದ್ದರೆ ಭಾನುವಾರ ಬೆಳಿಗ್ಗೆ ಊರವರ ಕಣ್ಣೆದುರಿಗೇ ನಾನೂ ಕರಿಬಸಮ್ಮನೂ ಗೋಡೆಯ ಒಂದು ಭಾಗ ಕೆಡವಿ, ಸರ್ಕಾರದ ಅಷ್ಟೂ ಚಿಪ್ಪನ್ನು ಕದ್ದು ನಮ್ಮ ಕೊಟ್ಟಿಗೆಗೆ ಹಾಕಿಕೊಳ್ಳುತ್ತೇವೆ. ತಾವು ತಡಮಾಡದೆ ಕಳವಿನ ದೂರು ಕೊಡಬೇಕು. ಪೊಲೀಸರು ಮಾಲು ಹಿಡಿಯಲು ಬಂದರೆ ಒಂದೊಂದಾಗಿ ಎಣಿಸಿಯೇ ಒಪ್ಪಿಸುತ್ತೇನೆ, ಆದರೆ ಠಾಣೆಯಲ್ಲಿ ಸೂರಿನಡಿ ಇಡುತ್ತೇವೆಂದು ಮೊದಲು ಮಾತು ಕೊಡಲಿ. ಆಗಲಾದರೂ ಚಿಪ್ಪು ಒಂದು ಇಲಾಖೆಗೆ ಸೇರುತ್ತದೆ. ನನ್ನನ್ನು ಒಳಗೆ ಹಾಕಿದರೂ ಸರಿ, ಮಗು ಹೊರಗೆ ಆಡಿಕೊಂಡಿರುತ್ತದೆ.

ಇಂತಿ,
ಭಾನುವಾರದಿಂದ ತಮ್ಮ ಆರೋಪಿ,
ಸದಾಶಿವಯ್ಯ
ಆಸ್ಪತ್ರೆ ಗೋಡೆಯ ಈಚೆ, ಗುಬ್ಬಿ ತಾಲ್ಲೂಕು